ಮಂಡಿ ಆಪರೇಷನ್ ಆದ್ಮೇಲೆ ಯಾವ ಸ್ಕ್ಯಾನ್ ಏನು ಹೇಳುತ್ತೆ?

 

ಮಂಡಿ ಆಪರೇಷನ್ ಆಗಿ ಆರು ತಿಂಗಳು. ಎಂಆರ್‌ಐ ರಿಪೋರ್ಟ್‌ನಲ್ಲಿ 'ಗ್ರಾಫ್ಟ್‌ನಲ್ಲಿ ಸಿಗ್ನಲ್ ಹೆಚ್ಚಿದೆ' ಅಂತ ಒಂದು ಸಾಲು. ಓದಿದವರಿಗೆ ಎದೆ ಧಸಕ್ ಅನ್ನುತ್ತೆ: ಮತ್ತೆ ಹರಿದೋಯ್ತಾ? ಇನ್ನೊಬ್ಬರಿಗೆ ರಿಪೋರ್ಟ್ ಪೂರ್ತಿ ಚೆನ್ನಾಗಿದೆ, ಅವರು ಮರುವಾರವೇ ಕ್ರಿಕೆಟ್ ಮೈದಾನಕ್ಕೆ ಹೊರಟಿದ್ದಾರೆ. ಇಬ್ಬರೂ ದುಡುಕುತ್ತಿದ್ದಾರೆ. ಯಾಕೆ ಅಂತ ಇವತ್ತು ನೋಡೋಣ.

ಎಸಿಎಲ್ ಅನ್ನೋದು ತೊಡೆ ಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಮಂಡಿಯ ಒಳಗೆ ಕಟ್ಟಿ ಹಿಡಿದಿರುವ ಲಿಗಮೆಂಟ್. ಕೆಳಗಾಲು ಮುಂದಕ್ಕೆ ಜಾರದಂತೆ, ಅತಿಯಾಗಿ ತಿರುಗದಂತೆ ತಡೆಯೋದು ಇದರ ಕೆಲಸ. ಹರಿದಾಗ ಸರ್ಜನ್ನರು ಸಾಮಾನ್ಯವಾಗಿ ನಮ್ಮದೇ ಕಾಲಿನಿಂದ ಒಂದು ಸ್ನಾಯುರಜ್ಜು ತೆಗೆದು, ಎರಡೂ ಮೂಳೆಗಳಲ್ಲಿ ಸುರಂಗ ಕೊರೆದು, ಅದನ್ನು ಅಲ್ಲಿ ಬಿಗಿಯುತ್ತಾರೆ. ಅದೇ ಗ್ರಾಫ್ಟ್.

ಮೊದಲು ಎಕ್ಸ್-ರೇ. ಇದರಲ್ಲಿ ಗ್ರಾಫ್ಟ್ ಕಾಣೋದೇ ಇಲ್ಲ. ಆದರೆ ಸುರಂಗ ಸರಿಯಾದ ಜಾಗದಲ್ಲಿದೆಯಾ, ಲೋಹದ ಸ್ಕ್ರೂ ಜರುಗಿದೆಯಾ, ವರ್ಷಗಳ ನಂತರ ಕೀಲಿನ ಸಂದು ಕಿರಿದಾಗಿದೆಯಾ ಅಂತ ಹೇಳುತ್ತೆ. ಸುರಂಗ ಎಷ್ಟು ಅಗಲವಾಗಿದೆ ಅಂತ ನಿಖರವಾಗಿ ಅಳೆಯಬೇಕಾದರೆ ಸಿಟಿ ಸ್ಕ್ಯಾನ್ ಬೇಕು. ಎರಡನೇ ಸಲ ಆಪರೇಷನ್ ಮಾಡಬೇಕಾಗಿ ಬಂದಾಗ ಇದು ಮುಖ್ಯ.

ಇನ್ನು ಅಲ್ಟ್ರಾಸೌಂಡ್. ಮಂಡಿಯಲ್ಲಿ ನೀರು ತುಂಬಿದೆಯಾ, ರಜ್ಜು ತೆಗೆದ ಜಾಗ ಹೇಗೆ ಮಾಯ್ತಿದೆ ಅಂತ ನೋಡೋಕೆ ಸುಲಭ, ವಿಕಿರಣವೂ ಇಲ್ಲ. 2004ರಲ್ಲಿ ಗಗನಯಾತ್ರಿ ಮೈಕ್ ಫಿಂಕ್ ಅಂತರಿಕ್ಷ ನಿಲ್ದಾಣದಲ್ಲೇ ಭುಜದ ಅಲ್ಟ್ರಾಸೌಂಡ್ ಮಾಡಿದ್ರು, ಭೂಮಿಯಲ್ಲಿದ್ದ ತಜ್ಞರು ಮಾತಿನಲ್ಲೇ ದಾರಿ ಹೇಳಿದ್ರು. ಆ ಸಂಶೋಧನಾ ತಂಡದಲ್ಲಿ ನಮ್ಮ ಪಕ್ಕದ ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯವರಿದ್ದರು. ಆದರೆ ಎಸಿಎಲ್ ಇರೋದು ಮೂಳೆಗಳ ನಡುವೆ, ಆಳದಲ್ಲಿ. ಶಬ್ದದ ಅಲೆ ಮೂಳೆಯನ್ನು ದಾಟಿ ಹೋಗಲ್ಲ. ಹಾಗಾಗಿ ಗ್ರಾಫ್ಟ್ ನೋಡೋಕೆ ಇದನ್ನು ನೆಚ್ಚಿಕೊಳ್ಳೋ ಹಾಗಿಲ್ಲ.

ಗ್ರಾಫ್ಟನ್ನೇ ನೋಡಬೇಕು ಅಂದ್ರೆ ಎಂಆರ್‌ಐ. ಇಲ್ಲೇ ಗೊಂದಲ ಹುಟ್ಟೋದು. ಆಪರೇಷನ್ ಆದ ಹೊಸದರಲ್ಲಿ ಗ್ರಾಫ್ಟ್ ಕಪ್ಪಗೆ ಕಾಣುತ್ತೆ. ಆಮೇಲೆ ಅದರ ಹಳೆಯ ಜೀವಕೋಶಗಳು ಸಾಯುತ್ತವೆ, ಹೊಸ ರಕ್ತನಾಳ, ಹೊಸ ಜೀವಕೋಶಗಳು ಒಳಗೆ ಬರುತ್ತವೆ. ರಜ್ಜು ನಿಧಾನವಾಗಿ ಲಿಗಮೆಂಟ್ ಥರ ಬದಲಾಗುತ್ತೆ. ಈ ತಿಂಗಳುಗಳಲ್ಲಿ ಅದು ಬೂದು, ಬಿಳಿ ಬಣ್ಣಕ್ಕೆ ತಿರುಗೋದು ಸಹಜ. ಮತ್ತೆ ಕಪ್ಪಾಗೋಕೆ ಒಂದೆರಡು ವರ್ಷ ಹಿಡಿಯಬಹುದು. ಆದ್ದರಿಂದ ಆರನೇ ತಿಂಗಳ 'ಸಿಗ್ನಲ್ ಹೆಚ್ಚಿದೆ' ಅನ್ನೋದು ಅಷ್ಟಕ್ಕೇ ಹರಿದ ಲಕ್ಷಣ ಅಲ್ಲ. ಎಳೆಗಳು ನಡುವೆ ಕಡಿದಿವೆಯಾ ಅನ್ನೋದು ಮುಖ್ಯ ಪ್ರಶ್ನೆ. ಸ್ಕ್ರೂ ಲೋಹದ್ದಾಗಿದ್ದರೆ ಅದರ ಸುತ್ತ ಚಿತ್ರ ಕಲಸಿಹೋಗುತ್ತೆ, ಸ್ಕ್ಯಾನ್‌ಗೆ ಮುಂಚೆಯೇ ಹೇಳಿಬಿಡಿ.

ಇಷ್ಟೂ ಸ್ಕ್ಯಾನ್‌ಗಳನ್ನು ಸಾಮಾನ್ಯವಾಗಿ ನಾವು ಸುಮ್ಮನೆ ಮಲಗಿರುವಾಗ, ಇಲ್ಲ ನಿಂತಿರುವಾಗ ತೆಗೀತಾರೆ. ಮಂಡಿ ಓಡುವಾಗ ಏನು ಮಾಡುತ್ತೆ?

ಈ ಪ್ರಶ್ನೆಗೆ ಅಳತೆಯ ಉತ್ತರ ಸಿಕ್ಕಿದ್ದೂ ಅದೇ ಹೆನ್ರಿ ಫೋರ್ಡ್ ಆಸ್ಪತ್ರೆಯಲ್ಲಿ. ಸೌತ್‌ಫೀಲ್ಡ್‌ನಿಂದ ಲಾಡ್ಜ್ ಫ್ರೀವೇ ಹಿಡಿದರೆ ದೂರವೇನಲ್ಲ. ಸ್ಕಾಟ್ ಟ್ಯಾಶ್‌ಮನ್ ಮತ್ತು ಸಂಗಡಿಗರು ಆಪರೇಷನ್ ಸಮಯದಲ್ಲೇ ಮೂಳೆಗಳೊಳಗೆ ಟ್ಯಾಂಟಲಮ್ ಲೋಹದ ಪುಟ್ಟ ಮಣಿಗಳನ್ನು ಇಟ್ಟರು. ರಾಗಿ ಕಾಳಿನಷ್ಟು, 1.6 ಮಿಲಿಮೀಟರ್. ಆಮೇಲೆ ಅವರನ್ನು ಇಳಿಜಾರಿನ ಟ್ರೆಡ್‌ಮಿಲ್ ಮೇಲೆ ಓಡಿಸಿ, ಎರಡು ದಿಕ್ಕಿನಿಂದ ಸೆಕೆಂಡಿಗೆ 250 ಎಕ್ಸ್-ರೇ ಚಿತ್ರ ತೆಗೆದರು. 2004ರಲ್ಲಿ ಪ್ರಕಟವಾದ ಫಲಿತಾಂಶ ಇದು: ಕೆಳಗಾಲು ಮುಂದಕ್ಕೆ ಜಾರೋದು ಎರಡೂ ಮಂಡಿಗಳಲ್ಲಿ ಹೆಚ್ಚುಕಡಿಮೆ ಒಂದೇ, ಅಂದ್ರೆ ಆ ಮಟ್ಟಿಗೆ ಆಪರೇಷನ್ ಗೆದ್ದಿತ್ತು. ಆದರೆ ಆಪರೇಷನ್ ಆದ ಕಾಲು, ಸರಿಯಿದ್ದ ಕಾಲಿಗಿಂತ ಸರಾಸರಿ 3.8 ಡಿಗ್ರಿ ಹೊರಕ್ಕೆ ತಿರುಗಿತ್ತು, 2.8 ಡಿಗ್ರಿ ಒಳಕ್ಕೆ ವಾಲಿತ್ತು.

ಅಧ್ಯಯನದಲ್ಲಿದ್ದವರು ಆರೇ ಜನ, ಅದನ್ನು ಮರೆಯೋದು ಬೇಡ. ಆದರೂ ಕಣ್ಣಿಗೆ ಕಾಣದ ಈ ಮೂರು ಡಿಗ್ರಿಯಿಂದ ಪ್ರತಿ ಹೆಜ್ಜೆಯ ಭಾರ ಕಾರ್ಟಿಲೇಜ್‌ನ ಬೇರೆ ಜಾಗದ ಮೇಲೆ ಬೀಳಬಹುದು, ಮುಂದೆ ಸಂಧಿವಾತಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ಸಂಶೋಧಕರು ಯೋಚಿಸೋಕೆ ಶುರುಮಾಡಿದರು. ಈ ಯಂತ್ರ ಇವತ್ತಿಗೂ ಸಂಶೋಧನೆಗೆ ಮಾತ್ರ, ನಿಮ್ಮ ಡಾಕ್ಟರು ಇದನ್ನು ಬರೆದುಕೊಡಲ್ಲ.

ಹಾಗಾದರೆ ಮತ್ತೆ ಆಟಕ್ಕೆ ಇಳಿಯೋದು ಯಾವಾಗ? ಯಾವ ಸ್ಕ್ಯಾನೂ ಒಂದೇ ಇದನ್ನು ತೀರ್ಮಾನಿಸಲ್ಲ. 2016ರಲ್ಲಿ ಪ್ರಕಟವಾದ ಡೆಲವೇರ್-ಓಸ್ಲೋ ಅಧ್ಯಯನದಲ್ಲಿ, ಒಂಬತ್ತು ತಿಂಗಳವರೆಗೆ ಆಟ ಮುಂದೂಡಿದ ಪ್ರತಿ ತಿಂಗಳಿಗೂ ಮತ್ತೆ ಪೆಟ್ಟಾಗುವ ಪ್ರಮಾಣ ಶೇಕಡ 51ರಷ್ಟು ಇಳಿದಿತ್ತು. ತೊಡೆಯ ಮುಂಭಾಗದ ಸ್ನಾಯುವಿನ ಬಲ ಎರಡೂ ಕಾಲಲ್ಲಿ ಸಮ ಇದ್ದಷ್ಟೂ ಅಪಾಯ ಕಡಿಮೆ ಇತ್ತು. ಕಾಯೋದು, ವ್ಯಾಯಾಮ ಮಾಡೋದು: ಎರಡೂ ಬೇಸರದ ಕೆಲಸ, ಆದರೆ ಕಾಪಾಡೋದು ಅವೇ.

ಮುಂದಿನ ಸಲ ಸ್ಕ್ಯಾನ್ ಬರೆದುಕೊಟ್ಟರೆ ಡಾಕ್ಟರನ್ನು ಎರಡು ಮಾತು ಕೇಳಿ: ಇದರಿಂದ ಯಾವ ಪ್ರಶ್ನೆಗೆ ಉತ್ತರ ಸಿಗುತ್ತೆ? ಉತ್ತರ ಏನೇ ಬಂದರೂ ಚಿಕಿತ್ಸೆ ಬದಲಾಗುತ್ತಾ? ನಿಮ್ಮ ಮಂಡಿಯ ಬಗ್ಗೆ ಕೊನೆಯ ಮಾತು ಅದನ್ನು ಮುಟ್ಟಿ ನೋಡಿದ ಡಾಕ್ಟರದ್ದು, ಫಿಸಿಯೋಥೆರಪಿಸ್ಟರದ್ದು, ನಮ್ಮದಲ್ಲ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಲ್ಲಿವರೆಗೆ ಮಂಡಿ ಜೋಪಾನ.