ಮಲಗಿದ ಅತಿಥಿಯನ್ನು ಎಬ್ಬಿಸುವವರು ಯಾರು?

‘ಅತಿಥಿ’ ಎಂದರೆ ತಿಥಿ ನೋಡದೆ ಬರುವವನು ಎಂದು ಹಿರಿಯರು ಅರ್ಥ ಹೇಳುತ್ತಾರೆ. ಈ ಪದ ಕಂಪ್ಯೂಟರ್ ಲೋಕದಲ್ಲೂ ಇದೆ. ಒಂದು ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ಇನ್ನೊಂದು ಕಂಪ್ಯೂಟರನ್ನು ರಚಿಸಿ ಓಡಿಸಬಹುದು. ಒಳಗಿನದು ‘ಗೆಸ್ಟ್’, ಅಂದರೆ ಅತಿಥಿ. ಅದನ್ನು ನೋಡಿಕೊಳ್ಳುವ ತಂತ್ರಾಂಶ ‘ಹೈಪರ್‌ವೈಸರ್’. ಅದನ್ನು ಆತಿಥೇಯ ಎನ್ನೋಣ. ಅತಿಥಿಯೇ ಆತಿಥೇಯನಾಗಿ ಮತ್ತೊಬ್ಬ ಅತಿಥಿಯನ್ನು ಇಟ್ಟುಕೊಂಡರೆ ಅದು ‘ನೆಸ್ಟೆಡ್ ವರ್ಚುವಲೈಸೇಷನ್’. ಇಸ್ರೇಲಿನ ಹೈಫಾದ ಐಬಿಎಂ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಇಂಥ ಕೆಲಸದ ಹೆಸರು ‘ಟರ್ಟಲ್ಸ್’. ಆಮೆಯ ಮೇಲೊಂದು ಆಮೆ!

ಕೆಲಸವಿಲ್ಲದಾಗ ಪ್ರೊಸೆಸರ್ ‘ಹಾಲ್ಟ್’ ಎಂಬ ಆಜ್ಞೆಯಿಂದ ನಿದ್ದೆಗೆ ಜಾರುತ್ತದೆ. ಕೀಲಿ ಒತ್ತಿದಾಗ ಅಥವಾ ನೆಟ್‌ವರ್ಕಿನಿಂದ ಸಂದೇಶ ಬಂದಾಗ ‘ಇಂಟರಪ್ಟ್’ ಎಂಬ ಕರೆ ಅದನ್ನು ಎಬ್ಬಿಸುತ್ತದೆ. ತಿಥಿ ನೋಡದೆ ಬರುವುದು ನಿಜಕ್ಕೂ ಈ ಕರೆಯೇ.

ಈಗ ಮಾಂಟ್ ಕಿಯಾರಾದ ನಮ್ಮ ಕಾಂಡೊಮಿನಿಯಂ ಒಂದನ್ನು ಕಲ್ಪಿಸಿಕೊಳ್ಳಿ. ಗೇಟಿನಲ್ಲಿ ಕಾವಲುಗಾರ, ಅಂದರೆ ಹೊರಗಿನ ಹೈಪರ್‌ವೈಸರ್. ಮೇಲಿನ ಮನೆಯಲ್ಲಿ ಯಜಮಾನ, ಅವನ ಕೋಣೆಯಲ್ಲಿ ಅತಿಥಿ. ಮನೆಗೆ ಇರುವುದು ಒಂದೇ ಇಂಟರ್‌ಕಾಂ, ಅಂದರೆ ಪ್ರೊಸೆಸರ್. ಅದೀಗ ಅತಿಥಿಯ ಕೋಣೆಯಲ್ಲಿದೆ. ಅತಿಥಿ ‘ಯಾರೂ ಕರೆಯಬೇಡಿ’ ಎಂದು ಚೀಟಿ ಅಂಟಿಸಿ ಮಲಗಿದ್ದಾನೆ. ಯಜಮಾನ ಮಾತ್ರ ಮೊದಲೇ ಹೇಳಿದ್ದಾನೆ: “ಯಾವ ಕರೆ ಬಂದರೂ ನನಗೆ ತಿಳಿಸಿ.”

ಗೇಟಿಗೆ ಒಂದು ಕರೆ ಬಂತು. ಕಾವಲುಗಾರ ಅತಿಥಿಯ ಚೀಟಿಯನ್ನಷ್ಟೇ ನೋಡಿ ಸುಮ್ಮನಾದರೆ? ಇಂಟರ್‌ಕಾಂ ಮೊಳಗುವುದಿಲ್ಲ, ಯಜಮಾನನಿಗೂ ಸುದ್ದಿಯಿಲ್ಲ. ಅತಿಥಿಯಿಂದಾಗಿ ಮನೆಯೇ ಮಲಗಿಬಿಡುತ್ತದೆ. ಯಾವುದೂ ಕೆಟ್ಟಿಲ್ಲ, ಆದರೂ ಕಂಪ್ಯೂಟರ್ ನಿಂತಿದೆ! ಕ್ಲೌಡಿನಲ್ಲಿ ಬಾಡಿಗೆಗೆ ಪಡೆದ ಯಂತ್ರಗಳು ಬಹುಮಟ್ಟಿಗೆ ತಾವೇ ಅತಿಥಿಗಳು. ಅವುಗಳೊಳಗೆ ಇನ್ನೊಂದು ಯಂತ್ರ ಓಡಿಸುವವರಿಗೆ ಇದು ದೊಡ್ಡ ತೊಂದರೆ.

ಸರಿಯಾದ ಕ್ರಮ ಹೀಗೆ: ಹೊರಗಿನ ಹೈಪರ್‌ವೈಸರ್ ಮೊದಲು ‘ಕರೆ ಯಾರ ವಶಕ್ಕೆ ಹೋಗಬೇಕು?’ ಎಂದು ನೋಡಬೇಕು. ನಡುವಿನ ಆತಿಥೇಯ ಕರೆಗಳನ್ನು ಕೇಳಿಕೊಂಡಿದ್ದರೆ, ಅತಿಥಿಯ ಚೀಟಿ ಲೆಕ್ಕಕ್ಕಿಲ್ಲ. ಪ್ರೊಸೆಸರನ್ನು ಎಬ್ಬಿಸಿ, ಅತಿಥಿಯ ಸರದಿಯನ್ನು ನಿಲ್ಲಿಸಿ, ಕರೆಯನ್ನು ಆತಿಥೇಯನಿಗೆ ಒಪ್ಪಿಸಬೇಕು. ಅತಿಥಿಯನ್ನು ಎಬ್ಬಿಸುವುದೋ ಬಿಡುವುದೋ ಅವನ ತೀರ್ಮಾನ. ಅವನು ಕರೆಗಳನ್ನು ಕೇಳಿಕೊಳ್ಳದಿದ್ದರೆ ಮಾತ್ರ ಅತಿಥಿಯ ಚೀಟಿಗೆ ಬೆಲೆ.

ಅಭ್ಯಾಸ

1. ‘ಅತಿಥಿ’, ‘ಆತಿಥೇಯ’, ‘ಆತಿಥ್ಯ’ – ಈ ಮೂರು ಪದಗಳನ್ನು ಸ್ವಂತ ವಾಕ್ಯಗಳಲ್ಲಿ ಬಳಸಿರಿ.
2. ಕಾವಲುಗಾರ ಮಾಡಿದ ತಪ್ಪೇನು? ಎರಡು ವಾಕ್ಯಗಳಲ್ಲಿ ಬರೆಯಿರಿ.
3. ‘ಇಂಟರಪ್ಟ್’ ಪದಕ್ಕೆ ಒಂದು ಒಳ್ಳೆಯ ಕನ್ನಡ ಪದ ಹುಡುಕಿ, ಮನೆಯಲ್ಲಿ ಅಪ್ಪ ಅಮ್ಮನೊಂದಿಗೆ ಚರ್ಚಿಸಿರಿ.