ಗಾಳಿಗಿಂತ ಮೊದಲು ಮಂಜುಗಡ್ಡೆಯ ಪರಿಚಯವಾಗಲಿ

ಪ್ರಶ್ನೆ: ನನಗೆ 41 ವರ್ಷ. ದಾವಣಗೆರೆಯವನು, ಎಂಟು ವರ್ಷಗಳಿಂದ ಅಮೆರಿಕದ ಮ್ಯಾಡಿಸನ್‌ನಲ್ಲಿದ್ದೇನೆ. ಚಳಿಗಾಲದಲ್ಲಿ ಮೆಂಡೋಟಾ ಸರೋವರ ಹೆಪ್ಪುಗಟ್ಟಿದಾಗ ಅದರ ಮೇಲೆ ಹಾಯಿ ಕಟ್ಟಿಕೊಂಡ ಐಸ್‌ಬೋಟುಗಳು ಓಡುತ್ತವೆ. ನೋಡಿ ನೋಡಿ ಕಲಿಯುವ ಆಸೆಯಾಗಿದೆ. ಆದರೆ ಈಜು ಅಷ್ಟಕ್ಕಷ್ಟೇ, ಹಾಯಿಯ ಹಗ್ಗ ಎಂದೂ ಮುಟ್ಟಿದವನಲ್ಲ. ‘ಎರಡು ಮಕ್ಕಳ ಅಪ್ಪನಿಗೆ ಈಗೆಂಥ ಹುಚ್ಚು’ ಎನ್ನುತ್ತಾಳೆ ಹೆಂಡತಿ. ಅವಳಿಗೆ ಹೇಳದೆ ಹಳೆಯ ದೋಣಿಯೊಂದಕ್ಕೆ ಮುಂಗಡ ಕೊಡುವುದರಲ್ಲಿದ್ದೇನೆ. ತಪ್ಪೇ?
– ಹೆಸರು ಬೇಡ

ಉತ್ತರ: ಆಸೆ ತಪ್ಪಲ್ಲ, ವಯಸ್ಸೂ ಅಡ್ಡಿಯಲ್ಲ. ಆದರೆ ಗುಟ್ಟಾಗಿ ಮುಂಗಡ ಕೊಡುವುದು ಬೇಡ. ನಿಮ್ಮ ಹೆಂಡತಿಯ ಭಯಕ್ಕೆ ಆಧಾರವಿದೆ. ಅದನ್ನು ಕಳೆಯಬೇಕಾದವರು ನೀವೇ, ನಿಮ್ಮ ಎಚ್ಚರದಿಂದ.

ನೀವಿರುವ ಊರೇ ನಿಮಗೊಂದು ಅನುಕೂಲ. ಫೋರ್ ಲೇಕ್ಸ್ ಐಸ್ ಯಾಟ್ ಕ್ಲಬ್ ಅಲ್ಲೇ ಇದೆ. ಅಲ್ಲಿನ ಅನುಭವಿಗಳನ್ನು ಕಂಡು, ಈ ಚಳಿಗಾಲ ಅವರ ದೋಣಿ ಹೊರಲು, ಜೋಡಿಸಲು ಕೈಕೊಡಿ. ಕೊಳ್ಳುವುದು ಆಮೇಲೆ. ಹೊಸಬರಿಗೆ ‘ಡಿಎನ್’ ಒಳ್ಳೆಯ ದೋಣಿ. 1937ರಲ್ಲಿ ಡೆಟ್ರಾಯಿಟ್ ನ್ಯೂಸ್ ಪತ್ರಿಕೆಯ ಕಾರ್ಯಾಗಾರದಲ್ಲಿ ಹುಟ್ಟಿ, ಅದರ ಹೆಸರನ್ನೇ ಪಡೆದದ್ದು. 12 ಅಡಿ ಉದ್ದ, 60 ಚದರ ಅಡಿ ಹಾಯಿ, ಒಬ್ಬರೇ ಕೂರುವಂಥದ್ದು. ಬಿಚ್ಚಿ ಕಾರಿನ ಮೇಲೆ ಕಟ್ಟಿಕೊಂಡು ಹೋಗಬಹುದು.

ಹಾಯಿಗಿಂತ ಮೊದಲು ಮಂಜುಗಡ್ಡೆಯನ್ನು ಓದಲು ಕಲಿಯಿರಿ. ಗಟ್ಟಿಯಾದ, ತಿಳಿಯಾದ ಗಡ್ಡೆ ಕನಿಷ್ಠ 4 ಇಂಚು ದಪ್ಪವಿರಬೇಕು. ಹಿಮ ಬೆರೆತು ಬೆಳ್ಳಗಾದ ಗಡ್ಡೆಗೆ ಅದರ ಅರ್ಧದಷ್ಟೇ ಬಲ. ಒಂದು ಕಡೆ ದಪ್ಪವಿದ್ದರೆ ಎಲ್ಲ ಕಡೆಯೂ ಇರುತ್ತದೆಂದು ನಂಬಬೇಡಿ. ಯಹಾರಾ ನದಿ ಸೇರುವ, ಹೊರಡುವ ಜಾಗಗಳಲ್ಲಿ, ನೀರಿನ ಸೆಲೆಗಳ ಮೇಲೆ, ಬಿರುಕುಗಳ ಪಕ್ಕದಲ್ಲಿ ಅದು ತೆಳು. ಕಬ್ಬಿಣದ ಸಲಾಕೆಯಿಂದ ಕುಟ್ಟಿ ನೋಡುತ್ತ ನಡೆಯುವವರ ಹಿಂದೆ ನೀವೂ ನಡೆಯಿರಿ.

ತಲೆಗೆ ಹೆಲ್ಮೆಟ್, ಬೂಟಿಗೆ ಮುಳ್ಳು, ಜೊತೆಗೊಂದು ಎಸೆಯುವ ಹಗ್ಗ ಇರಲಿ. ಕೊರಳಲ್ಲಿ ದಾರಕ್ಕೆ ಕಟ್ಟಿದ ಎರಡು ಚಿಕ್ಕ ಹಿಡಿಗಳಿರಲಿ. ಒಂದೊಂದರ ತುದಿಯಲ್ಲೂ ಚೂಪಾದ ಮೊಳೆ ಇರುತ್ತದೆ. ಅಕಸ್ಮಾತ್ ನೀರಿಗೆ ಬಿದ್ದರೆ ಮೊದಲ ಒಂದು ನಿಮಿಷ ಉಸಿರು ಏದುಸಿರಾಗುತ್ತದೆ. ಗಾಬರಿಯಾಗದೆ ಅದನ್ನು ಹಿಡಿತಕ್ಕೆ ತನ್ನಿ. ಕೈಕಾಲು ಮಾತು ಕೇಳುವುದು ಸುಮಾರು 10 ನಿಮಿಷ. ಬಂದ ದಿಕ್ಕಿಗೇ ತಿರುಗಿ, ಮೊಳೆಗಳನ್ನು ಗಡ್ಡೆಗೆ ಚುಚ್ಚಿ, ಕಾಲು ಬಡಿಯುತ್ತ ಹೊಟ್ಟೆಯ ಮೇಲೆ ಮೇಲಕ್ಕೆ ಜಾರಿ. ಎದ್ದು ನಿಲ್ಲದೆ ಉರುಳುತ್ತ ದೂರ ಸರಿಯಿರಿ. ಈಜು ಬಾರದವರು ಲೈಫ್ ಜಾಕೆಟ್ ಇಲ್ಲದೆ ಇಳಿಯಲೇಬಾರದು.

ಮಂಜುಗಡ್ಡೆಯ ಮೇಲೆ ತಡೆ ತೀರಾ ಕಡಿಮೆ. ಹಾಗಾಗಿ ದೋಣಿ ಗಾಳಿಗಿಂತ ಮೂರು ಪಟ್ಟು ವೇಗವಾಗಿಯೂ ಓಡೀತು. ಆದ್ದರಿಂದ ಓಡಿಸುವ ಮುನ್ನ ನಿಲ್ಲಿಸಲು ಕಲಿಯಿರಿ. ಹಗ್ಗ ಸಡಿಲಿಸಿ, ಮೂತಿಯನ್ನು ಗಾಳಿಗೆ ಎದುರಾಗಿ ತಿರುಗಿಸಿ. ತೆಳುಗಾಳಿಯ ದಿನ, ಜನ ಕಡಿಮೆಯಿರುವ ಕಡೆ, ಇದನ್ನೇ ಹತ್ತು ಸಲ ಮಾಡಿ.

ಇಷ್ಟಾದ ಮೇಲೆ ಒಂದು ಭಾನುವಾರ ಮನೆಯವರನ್ನೂ ದಡಕ್ಕೆ ಕರೆದೊಯ್ಯಿರಿ. ಆ ಹಿಡಿಗಳನ್ನು ಅವರ ಕೈಗೆ ಕೊಟ್ಟು, ಏತಕ್ಕೆಂದು ಹೇಳಿ. ಒಬ್ಬನೇ ಹೋಗುವುದಿಲ್ಲ, ಹಿಂತಿರುಗುವ ಹೊತ್ತು ಹೇಳಿಯೇ ಹೋಗುತ್ತೇನೆ ಎಂದು ಮಾತು ಕೊಡಿ. ಆದರೆ ಅವರಿಗೆ ನಂಬಿಕೆ ಹುಟ್ಟುವುದು ಆ ಮಾತಿನಿಂದಲ್ಲ. ಒಳ್ಳೆ ಗಾಳಿ ಬೀಸುತ್ತಿದ್ದರೂ ಗಡ್ಡೆ ಸರಿಯಿಲ್ಲವೆಂದು, ದೋಣಿಯನ್ನು ಕಾರಿನಿಂದ ಇಳಿಸದೆಯೇ ನೀವು ಮನೆಗೆ ಮರಳಿದ ದಿನ ಅದು ಹುಟ್ಟುತ್ತದೆ.