ಅಕ್ಷರಮಾಲೆ ಸ್ವಲ್ಪ ಕಾಯಲಿ

ಬೆಂಗಳೂರಿನ ಅಪಾರ್ಟ್‌ಮೆಂಟೊಂದರಲ್ಲಿ ಹಿಂದಿ ಭಾಷಿಕರಿಗೆ ಕನ್ನಡ ಕಲಿಸುವ ಓದುಗರೊಬ್ಬರ ಅಳಲು: ಮೂರನೇ ವಾರಕ್ಕೇ ತರಗತಿ ಅರ್ಧ ಖಾಲಿ. ಪಾಠ ಹೇಗೆ ಬರೆಯಲಿ?

ನಿಮ್ಮ ಹಾಳೆಗಳು 49 ಅಕ್ಷರಗಳಿಂದ ಶುರುವಾಗುತ್ತವೆ. ಅವರಿಗೆ ಬೇಕಿರುವುದು ತರಕಾರಿ ಅಂಗಡಿಯ ಮಾತು. ಮೊದಲ ತಿಂಗಳು ಲಿಪಿ ಬಿಡಿ. ‘ಟೊಮೆಟೊ ಎಷ್ಟು?’, ‘ಅರ್ಧ ಕೆಜಿ ಕೊಡಿ’ ಎನ್ನುವಂಥ ನಾಲ್ಕೈದು ಸಾಲಿನ ಸಂಭಾಷಣೆ ಬರೆದು, ನಿಮ್ಮ ದನಿಯಲ್ಲೇ ರೆಕಾರ್ಡ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ. ಆಡುಮಾತನ್ನೇ ಬಳಸಿ. ‘ಹೋಗುತ್ತೇನೆ’ ಕಲಿತವರು ಬೀದಿಯಲ್ಲಿ ‘ಹೋಗ್ತೀನಿ’ ಕೇಳಿ ಕಂಗಾಲಾಗುತ್ತಾರೆ.

‘ನನಗೆ ಬೇಕು’ ಅವರಿಗೆ ಸಲೀಸು. ‘ಮುಝೆ ಚಾಹಿಯೇ’ ಅದೇ ಅಚ್ಚಿನದು. ಎಡವುವುದು ‘ಕೊಡು’, ‘ಕೋಡು’ ಜೋಡಿಯಲ್ಲಿ, ಹಿಂದಿಯಲ್ಲಿ ಒ–ಓ ಭೇದವಿಲ್ಲ ನೋಡಿ! ಇದಕ್ಕೆ ಪ್ರತಿ ಪಾಠದಲ್ಲೂ ಎರಡು ನಿಮಿಷ ಕೇಳಿ ಗುರುತಿಸುವ ಆಟವಿಡಿ.

ಲಿಪಿ ಶುರುಮಾಡಲು ಬಸ್ ಫಲಕಗಳ ಫೋಟೊ ಸಾಕು. ಪುಸ್ತಕವನ್ನೇ ಅಚ್ಚು ಹಾಕಿಸುವುದಾದರೆ ಮಾತ್ರ, ಮೊದಲು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ತಜ್ಞರಿಗೆ ಕರಡು ತೋರಿಸಿ.